ಏರಿ ಬಿಟ್ಟು ಗ್ಯಾಲರಿಗೆ

ಆ ಸೋಮವಾರ ಬೆಳಿಗ್ಗೆ ಮೀನಾಕ್ಷಿ ಫೋನಿನಲ್ಲಿ ಒಬ್ಬ ಗೋಲ್‌ಕೀಪರನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದಳು. ಕೌಂಟರಿನಾಚೆ ಹತ್ತಿ, ಆಯಿಂಟ್‌ಮೆಂಟ್ ಕೇಳಿಕೊಂಡು ನಿಂತಿದ್ದವನು ಅದೇ ಗೋಲ್‌ಕೀಪರ್ ಎಂದು ಅವಳಿಗೆ ಗೊತ್ತಿರಲಿಲ್ಲ.

ಹೊಳಲ್ಕೆರೆ ಬಸ್ ಸ್ಟ್ಯಾಂಡ್ ಎದುರಿನ ಮೆಡಿಕಲ್ ಶಾಪ್ ಅದು. ಡಿ.ಫಾರ್ಮ ಮುಗಿಸಿದ ಮೇಲೆ ಮೀನಾಕ್ಷಿ ಅಲ್ಲೇ ಕೆಲಸಕ್ಕಿದ್ದಳು. ಫೋನಿನ ಆ ತುದಿಯಲ್ಲಿದ್ದವನು ಜಂಬಣ್ಣ, ಊರ ಮೈದಾನದ ಪಕ್ಕ ಟೀ ಹೋಟೆಲ್ ಇಟ್ಟುಕೊಂಡವನು.

“ಕಮಿಟಿಯೋರ ಮಾತು ಬಿಡು ಮಾವ. ಆ ಕೀಪರ್‌ಗೆ ಏನಾಗಿತ್ತು? ಹೊಸ ಸ್ಟೇಡಿಯಂ ಗೇಟ್ ಮುಂದೆ ನಿಂತ್ಕಂಡು, ಹಲ್ಲು ಬಿಟ್ಕಂಡು ಫೋಟೋ ತೆಗೆಸ್ಕಂಡವ್ನೆ. ಬೀಳಾಕೆ ಬರಲ್ಲ, ನಗಾಕೆ ಮಾತ್ರ ಬರ್ತೈತೆ.”

ಫೋನಿಟ್ಟು ತಿರುಗಿದಳು. “ಹೇಳ್ರಿ, ಏನ್ ಬೇಕು?”

ಅವನು ಬಲಗೈ ಮುಂದೆ ಚಾಚಿದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ತರಚಿಹೋಗಿತ್ತು. ಗಾಯದೊಳಗೆ ಕೆಂಪು ಗರಸಿನ ಹರಳುಗಳು ಇನ್ನೂ ಕೂತಿದ್ದವು.

“ಅಯ್ಯೋ, ಎಲ್ ಬಿದ್ರಿ? ಬೈಕಿಂದಾನಾ?”

“ಬೈಕಲ್ಲ. ಗೋಲ್ ಹತ್ರ.”

ಹತ್ತಿಯ ಸುರುಳಿಯ ಮೇಲಿದ್ದ ಅವಳ ಕೈ ಅಲ್ಲೇ ನಿಂತಿತು.

“ಬೀಳಾಕೆ ಬರಲ್ಲ ಅಂದ್ರಲ್ಲ,” ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, “ನಿನ್ನೆ ಒಂದ್ಸಲ ಟ್ರೈ ಮಾಡ್ದೆ. ನೋಡ್ರಿ, ಹಿಂಗಾತು.”

ಮೈದಾನದ ಪಕ್ಕದ ಕೆರೆ ಏರಿ ಮೇಲಿಂದ ಆಟಗಾರರು ಗೇಣುದ್ದ ಕಾಣುತ್ತಾರೆ. ಇಷ್ಟು ವರ್ಷ ಅವಳು ನೋಡಿದ್ದು ಒಂದು ಹಳದಿ ಅಂಗಿ, ಒಂದು ಟೋಪಿ, ಎರಡು ದಪ್ಪ ಗ್ಲೌಸು. ಆ ಅಂಗಿಯೊಳಗೆ ಇಷ್ಟು ಎತ್ತರದ, ಇಷ್ಟು ಮೆತ್ತಗೆ ಮಾತಾಡುವ ಮನುಷ್ಯನೊಬ್ಬ ಇದ್ದಾನೆಂದು ಯೋಚಿಸಿರಲಿಲ್ಲ.

“ನಾನೇನೋ ಸುಮ್ನೆ...”

“‘ಬೀಳೋ ಕೀಪರ್, ನೆಲ ಏನ್ ಕಚ್ಚಲ್ಲ’ ಅಂತ ಕೂಗೋದು ನೀವೇ ಅಲ್ವಾ? ಫೋನಲ್ಲಿ ಮಾತಾಡೋವಾಗಲೇ ದನಿ ಗೊತ್ತಾತು.”

ಮೀನಾಕ್ಷಿಯ ಕಿವಿ ಬಿಸಿಯಾಯಿತು. “ಕುಂತ್ಕಳ್ರಿ,” ಎಂದು ಸ್ಟೂಲ್ ತೋರಿಸಿದಳು. ಅಂಗಡಿಯಲ್ಲಿ ಗಾಯ ತೊಳೆದು ಕಟ್ಟುವುದು ಅವಳ ಕೆಲಸವಲ್ಲ. ಆದರೂ ತೊಳೆದಳು. ಹರಳು ತೆಗೆಯುವಾಗ ಅವನು ಒಮ್ಮೆಯೂ ಕೈ ಎಳೆದುಕೊಳ್ಳಲಿಲ್ಲ. ಅವಳ ಬಗ್ಗಿದ ತಲೆಯನ್ನೇ ನೋಡುತ್ತಿದ್ದ. ಅದು ಅವಳಿಗೂ ಗೊತ್ತಾಗುತ್ತಿತ್ತು, ತಲೆ ಎತ್ತಲಿಲ್ಲ.

*

ಹೊಳಲ್ಕೆರೆ ಫ್ರೆಂಡ್ಸ್ ಫುಟ್‌ಬಾಲ್ ಕ್ಲಬ್ಬಿಗೆ ಗ್ಯಾಲರಿ ಅಂತ ಇರಲೇ ಇಲ್ಲ. ಮೈದಾನದ ಒಂದು ಮಗ್ಗುಲಿಗೆ ಕೆರೆ ಏರಿ. ಜನ ಅದರ ಇಳಿಜಾರಿನ ಮೇಲೆ ಟವೆಲ್ ಹಾಸಿಕೊಂಡು ಕೂರುತ್ತಿದ್ದರು. ಮೀನಾಕ್ಷಿಯ ಅಪ್ಪ ಕಾಟಯ್ಯ ಕುರಿಗಳನ್ನು ಏರಿಯಾಚೆಗೆ ಮೇಯಲು ಬಿಟ್ಟು, ಒಂದು ಕಣ್ಣು ಕುರಿ ಮೇಲೆ, ಒಂದು ಕಣ್ಣು ಚೆಂಡಿನ ಮೇಲೆ ಇಟ್ಟು ಆಟ ನೋಡುತ್ತಿದ್ದ. ಮಗಳಿಗೂ ಹುಚ್ಚು ಹತ್ತಿಸಿದ್ದು ಅವನೇ. ಅರ್ಧ ಆಟ ಮುಗಿದಾಗ ಜಂಬಣ್ಣ ಕೆಟಲ್ ಹಿಡಿದು ಏರಿ ಹತ್ತಿ ಬರುತ್ತಿದ್ದ.

ಈಗ ಕ್ಲಬ್ ಚಿತ್ರದುರ್ಗಕ್ಕೆ ಹೊರಟಿತ್ತು. ಬೈಪಾಸ್ ಪಕ್ಕ ಹೊಸ ಸ್ಟೇಡಿಯಂ ಎದ್ದಿತ್ತು. ದೊಡ್ಡ ಲೀಗಿನಲ್ಲಿ ಆಡಬೇಕಾದರೆ ಹುಲ್ಲಿನ ಮೈದಾನ, ಕುರ್ಚಿ ಹಾಕಿದ ಗ್ಯಾಲರಿ ಬೇಕೇ ಬೇಕು ಎಂದಿತು ಕಮಿಟಿ. ಊರಿನವರನ್ನು ಯಾರೂ ಕೇಳಿರಲಿಲ್ಲ.

ಗೋಲ್‌ಕೀಪರನ ಹೆಸರು ಹನುಮೇಶ್. ಹೊರಕೆರೆದೇವಪುರದವನು, ಲೈನ್‌ಮನ್ ಕೆಲಸ. ಬ್ಯಾಂಡೇಜ್ ಬದಲಿಸಲು ಒಂದು ದಿನ ಬಂದ. ಆಮೇಲೆ ಮೊಣಕಾಲಿನ ತರಚಿಗೆ ಬಂದ. ಮುಂದಿನ ಭಾನುವಾರದ ಆಟವಾದ ಮೇಲೆ ಸೊಂಟದ ಉಳುಕಿಗೆ ಸ್ಪ್ರೇ ಕೇಳಿ ಬಂದ.

“ನಿಮ್ಮ ಮೈಯಲ್ಲಿ ನೆಟ್ಟಗಿರೋ ಜಾಗ ಯಾವ್ದಾದ್ರೂ ಐತಾ?” ಎಂದಳು ಮೀನಾಕ್ಷಿ.

“ಕಿವಿ ನೆಟ್ಟಗವೆ. ಅದಕ್ಕೇ ನೀವ್ ಬೈದಿದ್ದೆಲ್ಲ ಕೇಳ್ಸುತ್ತೆ.”

ಅವಳು ನಕ್ಕಳು. ನಗು ಮುಚ್ಚಿಕೊಳ್ಳಲು ಡಬ್ಬಿಗಳ ಕಡೆ ತಿರುಗಿದಳು. ಎದುರಿನ ಗಾಜಿನ ಶೆಲ್ಫಿನಲ್ಲಿ ಅವನೂ ನಗುತ್ತಿರುವುದು ಕಂಡಿತು. ಗಾಜಿನೊಳಗೆ ಇಬ್ಬರ ಕಣ್ಣೂ ಕೂಡಿದವು. ಯಾರೋ ಜ್ವರದ ಮಾತ್ರೆ ಕೇಳಿದರು. ಅವಳು ಕೆಮ್ಮಿನ ಸಿರಪ್ ಕೊಟ್ಟಳು.

ಊರ ಮೈದಾನದ ಕೊನೆಯ ಆಟದ ದಿನ ಏರಿ ಮೇಲೆ ಕಾಲಿಡಲು ಜಾಗವಿರಲಿಲ್ಲ. ಆಟ ಮುಗಿದರೂ ಜನ ಎದ್ದು ಹೋಗಲಿಲ್ಲ. ಜಂಬಣ್ಣ ಬೆಂಚಿನ ಮೇಲೆ ನಿಂತು, “ದುರ್ಗದ ಸ್ಟೇಡಿಯಂಗೆ ನಮ್ಮೂರೋರು ಒಬ್ರೂ ಹೋಗಬಾರ್ದು. ಖಾಲಿ ಕುರ್ಚಿಗೆ ಆಡ್ಲಿ. ಆವಾಗ ಬುದ್ಧಿ ಬರ್ತೈತೆ,” ಎಂದ. ಎಲ್ಲರಿಗಿಂತ ಜೋರಾಗಿ “ಹೌದು” ಎಂದು ಕೂಗಿದ್ದು ಮೀನಾಕ್ಷಿ. ಮೈದಾನದಲ್ಲಿ ಗ್ಲೌಸ್ ಬಿಚ್ಚುತ್ತಿದ್ದ ಹಳದಿ ಅಂಗಿ ಆ ಕೂಗಿಗೆ ತಲೆ ಎತ್ತಿ ನೋಡಿತು.

ಎರಡು ದಿನ ಬಿಟ್ಟು ಹನುಮೇಶ್ ಅಂಗಡಿಗೆ ಬಂದ. ಅವತ್ತು ಏನೂ ಕೊಳ್ಳಲಿಲ್ಲ.

“ಮೊದಲ್ನೇ ಮ್ಯಾಚ್ ಒಂದ್ ತಿಂಗಳಿಗೆ ಐತೆ. ನೀವ್ ಬರ್ಬೇಕು.”

“ನಾನು ಬರಲ್ಲ ಅಂತ ಎಲ್ಲರೆದುರಿಗೆ ಹೇಳಿದೀನಿ. ನೀವೂ ಕೇಳಿಸ್ಕಂಡ್ರಿ.”

“ಕೇಳಿಸ್ಕಂಡೆ. ಅದಕ್ಕೇ ಬಂದೆ.”

“ಊರಿನ ಬಗ್ಗೆ ಅಷ್ಟು ಪ್ರೀತಿ ಇದ್ರೆ ಅಲ್ಲಿ ಆಡಲ್ಲ ಅಂತ ನೀವೇ ಹೇಳ್ರಿ. ನಮ್ಮಪ್ಪ ಕುರಿ ಹೊಡ್ಕಂಡು ಸ್ಟೇಡಿಯಂಗೆ ಹೋಗಾಕಾಗ್ತೈತಾ? ಜಂಬಣ್ಣ ಮಾವ ಅಲ್ಲಿ ಟೀ ಕೊಡಾಕೆ ಬಿಡ್ತಾರಾ?”

ಅವನು ಅಂಗಿಯ ತೋಳು ಮಡಚಿ ಎರಡೂ ಕೈಯನ್ನು ಕೌಂಟರಿನ ಮೇಲಿಟ್ಟ. ಹೊಸ ಗಾಯದ ಕೆಳಗೆ ಹಳೆಯದು, ಅದರ ಕೆಳಗೆ ಇನ್ನೂ ಹಳೆಯದು. ಚರ್ಮ ಹಳೆಯ ಟೈರಿನಂತೆ ಗಂಟುಗಂಟಾಗಿತ್ತು.

“ನಿಮಗೆಲ್ಲ ಅದು ಏರಿ. ನನಗೆ ಅದು ಗರಸು. ಎಡಗಡೆ ಚೆಂಡು ಹೋಗೋದು ಕಾಣ್ತೈತೆ, ಹಾರಿದ್ರೆ ಸಿಗ್ತೈತೆ ಅಂತಾನೂ ಗೊತ್ತೈತೆ. ಹಾರಲ್ಲ. ಬೆಳಿಗ್ಗೆ ಎದ್ದು ಕಂಬ ಹತ್ತಬೇಕಲ್ಲ, ಕೈ ಬೇಕಲ್ಲ. ಆಡಾಕೆ ಬಂದಾಗ್ನಿಂದ ಒಂದ್ಸಲಾನೂ ಮನಸ್ ಬಿಚ್ಚಿ ಆಡಿಲ್ಲ ನಾನು. ಅಲ್ಲಿ ಹುಲ್ಲೈತೆ. ನಾನ್ ಹೋಗ್ತೀನ್ರಿ.”

ಹೇಳಿ ಹೊರಟುಹೋದ. ಮೀನಾಕ್ಷಿ ಗಿರಾಕಿಗಳಿಲ್ಲದಿದ್ದರೂ ಕೌಂಟರನ್ನು ಒರೆಸಿದಲ್ಲೇ ಒರೆಸಿದಳು.

*

ಆ ಮೇಲೆ ಅವನು ಬರಲಿಲ್ಲ.

ಭಾನುವಾರಗಳು ಕಳೆದವು, ಸೋಮವಾರಗಳು ಬಂದವು. ಅಂಗಡಿ ಬಾಗಿಲಿಗೆ ಎತ್ತರದ ನೆರಳು ಬಿದ್ದಾಗಲೆಲ್ಲ ಅವಳು ತಲೆ ಎತ್ತುತ್ತಿದ್ದಳು. ಯಾವನೋ ಔಷಧಿ ಕಂಪನಿಯ ರೆಪ್, ಯಾವನೋ ಶುಗರ್ ಮಾತ್ರೆಯವನು. ಬೇರೆ ಮೆಡಿಕಲ್‌ಗೆ ಹೋಗುತ್ತಿರಬಹುದೆ? ಕೋಪ ಬಂದಿರಬೇಕು. ಬರಲಿ ಕೋಪ, ತನಗೂ ಬಂದಿದೆ ಎಂದುಕೊಂಡಳು. ಆದರೆ ಕೋಪ ಎಷ್ಟು ಹುಡುಕಿದರೂ ಸಿಗಲಿಲ್ಲ. ಕಣ್ಣು ಮುಚ್ಚಿದರೆ ಕಾಣುತ್ತಿದ್ದದ್ದು ಕೌಂಟರಿನ ಮೇಲೆ ಮಲಗಿದ್ದ ಆ ಎರಡು ಕೈ.

ತಾನು ಏರಿ ಮೇಲೆ ಕೂತು ಶೇಂಗಾ ಸುಲಿಯುತ್ತ ‘ಬೀಳೋ’ ಎಂದು ಕೂಗಿದ್ದು ಎಷ್ಟು ಸಲವೋ. ಒಂದು ಸಲವಾದರೂ ಏರಿ ಇಳಿದು ಹೋಗಿ ಆ ನೆಲವನ್ನು ಕೈಯಿಂದ ಮುಟ್ಟಿ ನೋಡಿರಲಿಲ್ಲ. ಒಂದು ಸಂಜೆ ಕೆಲಸ ಮುಗಿಸಿ ಹೋಗುವಾಗ ಮೈದಾನಕ್ಕೆ ಇಳಿದಳು. ಗೋಲ್ ಕಂಬದ ಹತ್ತಿರ ಕೂತು ಅಂಗೈಯನ್ನು ನೆಲಕ್ಕೆ ಒತ್ತಿ ಎಳೆದಳು. ಉರಿಯಿತು. ಇನ್ನೊಮ್ಮೆ ಎಳೆಯಲು ಧೈರ್ಯ ಬರಲಿಲ್ಲ.

ಅಲ್ಲಿಂದ ನೇರ ಜಂಬಣ್ಣನ ಹೋಟೆಲಿಗೆ ಹೋದಳು. ಕದ್ದು ಹೋಗುವುದು ಅವಳಿಗೆ ಬೇಕಿರಲಿಲ್ಲ.

“ಮಾವ, ಈ ಭಾನುವಾರ ನಾನು ದುರ್ಗಕ್ಕೆ ಹೋಗ್ತೀನಿ. ಮೊದಲ್ನೇ ಮ್ಯಾಚ್ ನೋಡಾಕೆ.”

ಟೀ ಸೋಸುತ್ತಿದ್ದ ಜಂಬಣ್ಣ ಸೋಸುವುದನ್ನು ನಿಲ್ಲಿಸಿದ. “ಎಲ್ಲಾರ್ಗಿಂತ ಜೋರಾಗಿ ಕೂಗ್ದೋಳು ನೀನು.”

“ಕೂಗ್ದೆ. ನಮ್ಮನ್ನ ಯಾರೂ ಕೇಳ್ಲಿಲ್ಲ ಅಂತ ಕೂಗ್ದೆ. ನಾವೂ ಆಡೋರ್ನ ಒಂದ್ ಮಾತು ಕೇಳಲಿಲ್ಲ ಮಾವ.”

“ಹಂಗಾರೆ ನಾನ್ಯಾಕೆ ಕುಂತಿದೀನಿ ಇಲ್ಲಿ, ಖಾಲಿ ಮೈದಾನ ನೋಡ್ಕಂಡು?” ಅವನ ದನಿ ಒಡೆಯಿತು. ಬೆನ್ನು ತಿರುಗಿಸಿ ಬೇರೆಯವರ ಲೋಟ ತುಂಬಿಸತೊಡಗಿದ. ಅವಳಿಗೆ ಟೀ ಕೊಡಲಿಲ್ಲ. ಹಾಗೆ ಆದದ್ದು ಅದೇ ಮೊದಲು.

ಮನೆಯಲ್ಲಿ ಅಪ್ಪನಿಗೂ ಹೇಳಿದಳು. ಕಾಟಯ್ಯ ಬೀಡಿ ಆರಿಸಿ, “ಹೋಗು. ಏನಾತು ಅಂತ ಬಂದ್ ಹೇಳು. ಜಂಬಣ್ಣನ ಹೋಟ್ಲಾಗೆ ಇರ್ತೀನಿ,” ಎಂದನಷ್ಟೆ.

*

ಬಸ್ಸಿನವನು ಬೈಪಾಸ್ ಕ್ರಾಸಿನಲ್ಲಿ ಇಳಿಸಿ ಹೋದ. ಅಲ್ಲಿಂದ ಜಾಲಿ ಗಿಡಗಳ ನಡುವೆ ಬಿಸಿಲಲ್ಲಿ ನಡಿಗೆ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ನಿಧಾನ ತಿರುಗುತ್ತಿದ್ದವು. ಗೇಟಿನಲ್ಲಿ ನೀರಿನ ಬಾಟಲಿ ಒಳಗೆ ಬಿಡಲಿಲ್ಲ. ನೀಲಿ ಕುರ್ಚಿಗಳು ಕೂರಲಾಗದಷ್ಟು ಕಾದಿದ್ದವು. ಗ್ಯಾಲರಿಗೂ ಆಟಕ್ಕೂ ನಡುವೆ ಓಟದ ಟ್ರ್ಯಾಕ್. ಏರಿಗಿಂತಲೂ ದೂರ. ಊರಿನವರು ಬೈದದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಹಿರಿಯೂರಿನ ತಂಡದ ಕಡೆಯವರು ಒಂದಿಷ್ಟು ಜನ ಒಂದು ಮೂಲೆಯಲ್ಲಿದ್ದರು. ಹೊಳಲ್ಕೆರೆ ಕಡೆಯ ಗ್ಯಾಲರಿಯಲ್ಲಿ ಅವಳೊಬ್ಬಳೇ.

ಸದ್ದಿಲ್ಲದ್ದರಿಂದ ಆಟಗಾರರ ಮಾತೆಲ್ಲ ಕೇಳುತ್ತಿತ್ತು. ಹನುಮೇಶ್ ಮುಂದಿನವರಿಗೆ “ಬಲಕ್ಕೆ, ಬಲಕ್ಕೆ” ಎಂದು ಕೂಗುತ್ತಿದ್ದ. ಅವನು ಆಟದಲ್ಲಿ ಮಾತಾಡುತ್ತಾನೆಂದೇ ಅವಳಿಗೆ ಗೊತ್ತಿರಲಿಲ್ಲ.

ಫ್ರೆಂಡ್ಸ್ ಕ್ಲಬ್ಬಿನವರು ಬೇಗನೆ ಒಂದು ಗೋಲು ಹೊಡೆದರು. ಆಮೇಲೆ ಹಿರಿಯೂರಿನವನೊಬ್ಬ ದೂರದಿಂದ ಜೋರಾಗಿ ಒದ್ದ. ಚೆಂಡು ಎಡ ಮೂಲೆಗೆ ಹೊರಟಿತ್ತು. ಹಳದಿ ಅಂಗಿ ನೆಲ ಬಿಟ್ಟಿತು. ಇಡೀ ಮೈ ಉದ್ದಕ್ಕೆ ಗಾಳಿಯಲ್ಲಿ ಮಲಗಿತು, ಬೆರಳ ತುದಿಯಿಂದ ಚೆಂಡನ್ನು ಆಚೆ ತಳ್ಳಿತು, ಹುಲ್ಲಿನ ಮೇಲೆ ಉರುಳಿತು. ಅವನು ಎದ್ದು ಮೊಣಕೈ ನೋಡಿಕೊಂಡ. ಏನೂ ಆಗಿರಲಿಲ್ಲ. ಯಾರೂ ನೋಡುತ್ತಿಲ್ಲವೆಂದುಕೊಂಡು ಒಬ್ಬನೇ ನಕ್ಕ.

ಮೀನಾಕ್ಷಿಗೆ ಇಷ್ಟು ವರ್ಷ ಈ ಮನುಷ್ಯ ಇದನ್ನು ಒಳಗೇ ಇಟ್ಟುಕೊಂಡಿದ್ದನಲ್ಲ ಎನಿಸಿತು.

ಆಟ ಇನ್ನೇನು ಮುಗಿಯುತ್ತಿತ್ತು. ಅವಳಿಗೆ ತಡೆಯಲಾಗಲಿಲ್ಲ. ಕುರ್ಚಿಯ ಮೇಲೆ ಹತ್ತಿ ನಿಂತು ಕೂಗಿಯೇಬಿಟ್ಟಳು: “ಹನುಮೇಶಾ!”

ಏರಿ ಮೇಲಿಂದ ಒಮ್ಮೆಯೂ ಕರೆಯದ ಹೆಸರು ಅದು. ಅವನು ಸರಕ್ಕನೆ ಗ್ಯಾಲರಿಯ ಕಡೆ ತಿರುಗಿದ. ಖಾಲಿ ನೀಲಿ ಕುರ್ಚಿಗಳ ನಡುವೆ ನಿಂತಿದ್ದ ಒಂದೇ ಒಂದು ಜೀವವನ್ನು ನೋಡಿದ. ನೋಡುತ್ತಲೇ ನಿಂತ. ಅಷ್ಟರಲ್ಲಿ ಚೆಂಡು ಅವನ ಪಕ್ಕದಿಂದ ಒಳಗೆ ಹೋಯಿತು.

ತಂಡದವರೆಲ್ಲ ತಲೆ ಮೇಲೆ ಕೈ ಹೊತ್ತರು. ಮೀನಾಕ್ಷಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

*

ಗೇಟಿನ ಹೊರಗೆ ಅವನು ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದ.

“ಸಾರಿ ಕಣ್ರಿ,” ಎಂದಳು. “ನನ್ನಿಂದ...”

“ನಿಮ್ಮಿಂದಾನೇ. ಕೋಚ್‌ಗೂ ಅದನ್ನೇ ಹೇಳ್ದೆ.”

ಅವಳು ದುಪಟ್ಟಾದ ಅಂಚು ಸುತ್ತುತ್ತ ನಿಂತಳು. “ಅಂಗಡಿ ಕಡೆ ಯಾಕೆ ಬರ್ಲೇ ಇಲ್ಲ? ಕೋಪಾನಾ?”

“ಕೋಪ ಎಲ್ಲಿ? ಇಲ್ಲಿ ಪ್ರಾಕ್ಟೀಸ್ ಶುರುವಾದ್ಮೇಲೆ ಗಾಯಾನೇ ಆಗ್ಲಿಲ್ಲ. ಏನಂತ ಹೇಳ್ಕಂಡ್ ಬರ್ಲಿ?”

ಮೀನಾಕ್ಷಿ ಅವನ ಮುಖ ನೋಡಿದಳು. ತಮಾಷೆ ಮಾಡುತ್ತಿರಲಿಲ್ಲ. ಎತ್ತರದ ಕಂಬ ಹತ್ತುವ ಮನುಷ್ಯ ಒಂದು ಅಂಗಡಿ ಮೆಟ್ಟಿಲು ಹತ್ತಲು ಕಾರಣ ಹುಡುಕುತ್ತ ಇಷ್ಟು ದಿನ ಕಳೆದಿದ್ದ.

“ಸುಮ್ನೆ ಬರಬಹುದಿತ್ತಲ್ಲ.”

“ಸುಮ್ನೆ ಬಂದೋರಿಗೆ ಏನ್ ಕೊಡ್ತೀರಿ?”

“ಬೈಗುಳ.”

“ಸಾಕು,” ಎಂದ. ಆಮೇಲೆ ನಗು ನಿಲ್ಲಿಸಿ, “ನೋಡ್ರಿ, ನನಗೆ ಚೆಂದ ಮಾತಾಡಾಕೆ ಬರಲ್ಲ. ಇಲ್ಲಿ ಹುಲ್ಲೈತೆ, ಲೈಟೈತೆ, ಎಲ್ಲಾ ಐತೆ. ಪ್ರಾಕ್ಟೀಸ್ ಆಡ್ತಾ ಆಡ್ತಾ ಏರಿ ಕಡೆ ನೋಡಿದಂಗೆ ತಿರುಗಿ ನೋಡ್ತೀನಿ, ಬರೀ ಕುರ್ಚಿ. ನೀವಿಲ್ಲ. ನೀವ್ ನಂಜೊತೆ ಇದ್ರೆ ಚೆಂದ ಇರ್ತೈತೆ. ಆಟದಾಗೆ ಅಷ್ಟೇ ಅಲ್ಲ,” ಎಂದ.

ಅವಳು ಅವನ ಬಲಗೈ ಹಿಡಿದು ತಿರುಗಿಸಿ, ಮೊಣಕೈಯ ಒಣಗಿದ ಕಲೆಯ ಮೇಲೆ ಬೆರಳಾಡಿಸಿದಳು. ಔಷಧಿ ಹಚ್ಚುವ ನೆಪವಿಲ್ಲದೆ ಮುಟ್ಟಿದ್ದು ಅದೇ ಮೊದಲು.

“ನಾನು ಈ ಕುರ್ಚಿ ಬಗ್ಗೆ, ಬಸ್ ಬಗ್ಗೆ, ಆ ಗೇಟ್ ಬಗ್ಗೆ ಕಮಿಟಿಯೋರ ಹತ್ರ ಜಗಳ ಆಡೋದು ಬಿಡಲ್ಲ,” ಎಂದಳು.

“ಬಿಡಬ್ಯಾಡ್ರಿ. ನಾನೂ ಬರ್ತೀನಿ.”

“ಹಂಗಾದ್ರೆ ಸರಿ.” ಬೈಕಿನ ಹಿಂದೆ ಹತ್ತಿ ಕೂತಳು. “ಹೋಗಾಣ. ಬಸ್ ಸ್ಟ್ಯಾಂಡ್ ಹತ್ರ ಅಲ್ಲ, ನೇರ ಜಂಬಣ್ಣ ಮಾವನ ಹೋಟೆಲ್ ಮುಂದೇನೇ ನಿಲ್ಲಿಸ್ರಿ.”

“ಎಲ್ಲಾರೂ ನೋಡ್ತಾರೆ.”

“ನೋಡ್ಲಿ ಅಂತಾನೇ.”

*

ಹೊಳಲ್ಕೆರೆ ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಬೈಕ್ ನಿಂತಾಗ ಹೋಟೆಲಿನೊಳಗಿನ ಮಾತೂ ನಿಂತಿತು. ಕಾಟಯ್ಯ ಬೆಂಚಿನ ತುದಿಯಲ್ಲಿ ಕೂತಿದ್ದ. ಮೀನಾಕ್ಷಿ ಹನುಮೇಶನನ್ನು ಅವನ ಎದುರಿನ ಬೆಂಚಿಗೆ ಕರೆದುಕೊಂಡು ಹೋಗಿ, “ಎರಡು ಟೀ ಮಾವ,” ಎಂದಳು.

ಜಂಬಣ್ಣ ಅಲುಗಲಿಲ್ಲ. “ನಿಮ್ಮ ಸ್ಟೇಡಿಯಂಗೆ ನಾನು ಸತ್ರೂ ಬರಲ್ಲ,” ಎಂದ ಹನುಮೇಶನಿಗೆ.

“ಬರಬ್ಯಾಡ್ರಿ. ನಾವೇ ಇಲ್ಲಿಗೆ ಬರ್ತೀವಿ.”

ಜಂಬಣ್ಣ ಸ್ಟೌ ಕಡೆ ತಿರುಗಿದ. ಆಮೇಲೆ ಎರಡು ಲೋಟ ತಂದು ಟೇಬಲ್ಲಿನ ಮೇಲೆ ಕುಕ್ಕಿದ. ಹೋದವನು ಅರ್ಧಕ್ಕೇ ತಿರುಗಿ ಬಂದ. ಕೇಳಬಾರದು ಎಂದುಕೊಂಡೂ ಕೇಳಿದ: “ಎಷ್ಟಾತು?”

“ಒಂದಕ್ಕೊಂದು,” ಎಂದಳು ಮೀನಾಕ್ಷಿ.

“ಆ ಒಂದು ಹೆಂಗ್ ಬಿಟ್ಟೆಯೋ? ಹುಲ್ಲಿನ ಮೇಲೂ ಬೀಳಾಕೆ ಬರಲ್ವಾ?”

ಮೀನಾಕ್ಷಿ ಲೋಟದೊಳಗೆ ನೋಡಿದಳು. ಹನುಮೇಶ್ ಒಮ್ಮೆ ಅವಳನ್ನು, ಒಮ್ಮೆ ಕಾಟಯ್ಯನನ್ನು ನೋಡಿದ. ಸುಳ್ಳು ಹೇಳಲು ಅವನಿಗೆ ಮನಸ್ಸಾಗಲಿಲ್ಲ.

“ಚೆಂಡು ನೋಡ್ತಿರ್ಲಿಲ್ಲ. ಇವ್ರನ್ನ ನೋಡ್ತಿದ್ದೆ.”

ಕಾಟಯ್ಯ ಹೆಗಲ ಮೇಲಿನ ಕಂಬಳಿ ಸರಿಮಾಡಿಕೊಂಡು ಮಗಳ ಮುಖ ನೋಡಿದ. ಅವಳು ಈ ಸಲ ತಲೆ ತಗ್ಗಿಸಲಿಲ್ಲ. ಅವನು ಬೆಂಚಿನ ಮೇಲೆ ಸ್ವಲ್ಪ ಮುಂದಕ್ಕೆ ಸರಿದು ಕೂತ.

“ನಿಮ್ದು ಯಾವೂರಪ್ಪ?” ಎಂದು ಕೇಳಿದ. “ಮನೇಲಿ ಹಿರೇರು ಯಾರ್ಯಾರ್ ಇದಾರೆ?”

ಹನುಮೇಶ್ ಲೋಟ ಕೆಳಗಿಟ್ಟು, ನೆಟ್ಟಗೆ ಕೂತು, ಹೇಳಲು ಶುರುಮಾಡಿದ.