ಮಂಗಳಾರತಿಗೆ ನಿಂತ ರಾಜ

ಆಟದಲ್ಲಿ ಸತ್ತ ರಾಜ, ಬೆಳಗಾಗುವಷ್ಟರಲ್ಲಿ ನಿಜವಾಗಿಯೂ ಸತ್ತುಹೋಗಿದ್ದ.

ಎಂಬತ್ತೆಂಟರ ಮಾರ್ಚ್ ತಿಂಗಳು. ಮಸ್ಕಿಯ ಹತ್ತಿ ಗೋದಾಮಿನ ಹಿಂಬದಿಯಲ್ಲಿ, ಸುತ್ತಿಟ್ಟ ಪರದೆಗಳ ಸಂದಿಯಲ್ಲಿ ಹೊನ್ನೂರಪ್ಪ ಅಂಗಾತ ಬಿದ್ದಿದ್ದ. ಮೈಮೇಲೆ ಬರೀ ಬನಿಯನ್, ಧೋತರ. ಮುಖದ ಬಣ್ಣ ಹಾಗೇ ಇತ್ತು. ರಾಜನ ಜರಿ ನಿಲುವಂಗಿ ಮೊಳೆಗೆ ತೂಗುತ್ತಿತ್ತು. ಕಿರೀಟ, ಕಟ್ಟುಗಡ್ಡ ಎರಡೂ ಕಬ್ಬಿಣದ ಟ್ರಂಕಿನ ಮೇಲೆ ಒಪ್ಪವಾಗಿ ಕೂತಿದ್ದವು. ತಲೆಯ ಹಿಂದೆ ರಕ್ತ. ಟ್ರಂಕಿನ ಮೂಲೆಗೂ ರಕ್ತ.

ಜಮಾದಾರ ಯಂಕೋಬ ಮೊಣಕಾಲೂರಿ ಕೂತ. ಹೆಣದ ಬಲಗೈ ಮಡಚಲು ಹೋದ. ಬಗ್ಗಲಿಲ್ಲ, ಕಟ್ಟಿಗೆಯ ಹಾಗೆ ಸೆಟೆದಿತ್ತು. ಮುಂಗೈಗೆ ಅರಿಷಿಣದ ದಾರ ಕಟ್ಟಿತ್ತು. ಯಾವುದೋ ಹರಕೆಯ ದಾರವಿದ್ದೀತು ಎಂದುಕೊಂಡು ಕೈಬಿಟ್ಟ.

ರಾತ್ರಿಯ ಬಯಲಾಟಕ್ಕೆ ಬಂದೋಬಸ್ತಿನ ಡ್ಯೂಟಿ ಇವನದೇ. ಬೇರೆ ಪೊಲೀಸರು ಆಟದ ಡ್ಯೂಟಿ ಎಂದರೆ ಹೊಟ್ಟೆನೋವು ಹೇಳುತ್ತಾರೆ, ಇವನು ಕೇಳಿ ಪಡೆಯುತ್ತಾನೆ. ಹೆಂಡತಿ ಹೋಗಿ ಮೂರು ವರ್ಷ. ಕ್ವಾರ್ಟರ್ಸಿಗೆ ಹೋದರೆ ಮಾತಾಡುವುದು ಹಲ್ಲಿಯೊಂದೇ. ಅದಕ್ಕಿಂತ ಸಾವಿರ ಜನರ ಗದ್ದಲದಲ್ಲಿ ಒಂದು ಮೂಲೆ ಹಿಡಿದು ನಿಲ್ಲುವುದು ವಾಸಿ ಎಂದು ಅವನ ಲೆಕ್ಕ.

ಹಾಗಾಗಿ ಅವನು ಕಣ್ಣಾರೆ ಕಂಡಿದ್ದ. ಬೆಳಗಿನ ಆರು ಗಂಟೆಗೆ ಆಟ ಮುಗಿಸುವ ಮಂಗಳಾರತಿ. ಕಿರೀಟ, ಗಡ್ಡ, ಜರಿ ಅಂಗಿ ತೊಟ್ಟ ರಾಜ ಎಲ್ಲರ ಜೊತೆ ಪರದೆಯ ಮುಂದೆ ನಿಂತಿದ್ದ. ಏಳಕ್ಕೆ ಹೆಣವಾಗಿದ್ದ!

"ಮೊದಲು ನೋಡಿದವರು ಯಾರು?" ಯಂಕೋಬ ಕೇಳಿದ.

"ನಾ ರೀ," ಎಂದ ಬಾಲಪ್ಪ. ಸೇನಾಪತಿಯ ಪಾತ್ರದವ. ಆಟದಲ್ಲಿ, ಹೆಂಡತಿಯ ಮಾತು ಕೇಳಿ, ಕಿರೀಟದ ಆಸೆಗೆ ಮಲಗಿದ ರಾಜನನ್ನು ಕೊಲ್ಲುವವ.

"ಹೊಡೆದವರು ಯಾರು?"

"ಅದೂ ನಾನ ರೀ."

ಬಾಗಿಲಲ್ಲಿ ನಿಂತಿದ್ದ ಠಾಣೆಯ ಫೌಜದಾರರಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು. "ನೋಡ್ರಿ ಜಮಾದಾರ್! ಆಟದಾಗೂ ಸೇನಾಪತಿ ಕೊಂದ, ಇಲ್ಲೂ ಸೇನಾಪತಿನ ಕೊಂದ. ಹನ್ನೊಂದರ ಬಸ್ಸಿಗೆ ಲಿಂಗಸುಗೂರು ಕೋರ್ಟಿಗೆ ಒಯ್ಯಿರಿ. ಮುಗೀತು."

ಮುಗಿಯಿತೆ? ಯಂಕೋಬನಿಗೆ ಹಾಗೆನ್ನಿಸಲಿಲ್ಲ. ಗಡಿಯಾರ ನೋಡಿದ — ಎಂಟು. ಕೈಯಲ್ಲಿ ಮೂರು ತಾಸು.

ಠಾಣೆಯಲ್ಲಿ ಬಾಲಪ್ಪನನ್ನು ಎದುರಿಗೆ ಕೂರಿಸಿಕೊಂಡ.

"ಯಾತರಿಂದ ಹೊಡದಿ?"

"ಖಡ್ಗದಿಂದ."

ಖಡ್ಗ ಮೇಜಿನ ಮೇಲೇ ಇತ್ತು. ಕಟ್ಟಿಗೆಯದು, ಬೇಗಡೆ ಕಾಗದ ಅಂಟಿಸಿದ್ದು. ಯಂಕೋಬ ಎರಡು ಬೆರಳಲ್ಲಿ ಎತ್ತಿ ತೋರಿಸಿದ.

"ಇದರಿಂದ ನೊಣಾನೂ ಸಾಯಂಗಿಲ್ಲ. ಅವ ನಿಂತಿದ್ದನೋ, ಕುಂತಿದ್ದನೋ?"

ಬಾಲಪ್ಪ ಮುಂಗೈಯಿಂದ ಮೂಗು ಒರೆಸಿಕೊಂಡ.

"ಯಾಕೋ ಸುಳ್ಳು ಹೇಳಾಕತ್ತಿ?"

ಬಾಲಪ್ಪನ ಕಣ್ಣೀರು ಬಣ್ಣದಲ್ಲಿ ಗೆರೆ ಎಳೆಯಿತು. "ಸುಳ್ಳಲ್ರೀ. ಹನ್ನೆರಡು ವರ್ಷ ಅವನ ಮುಂದ ಮಂಡಿ ಊರೀನಿ. ಒಮ್ಮೆ ರಾಜ ಆಗಬೇಕಂತ ಆಸೆ. ಮನ್ಯಾಗ ಹೇಣ್ತಿ ದಿನಾ ಕೇಳತಿದ್ಲು, ಈ ವರ್ಷನೂ ಅವನಿಗೆ ಮುಜರೆ ಹೊಡ್ಯೂದನ ಅಂತ. ಹೋದ ಅಮಾಸಿಗೆ ಹರಕಿ ಹೊತ್ತೆ — ಅವ ಬೀಳಲಿ, ಕಿರೀಟ ನನಗ ಬರಲಿ. ಈಗ ಬಿದ್ದಾನ! ನಾ ಕೊಂದಂಗ ಆತಿಲ್ಲೇನ್ರಿ? ದೇವರು ರಾತ್ರಿನ ತೋರಿಸಿದ. ಕಡೀ ಅಂಕದಾಗ ಮಾತು ಮರತು ನಿಂತುಬಿಟ್ಟೆ. ಮಂದಿ ಸೀಟಿ ಹೊಡದ್ರು. ಪರದಿ ಮಗ್ಗಲಿಂದ ಒಂದು ಉಸರು ಸೈತ ಬರಲಿಲ್ಲ."

ಸೀಟಿ ಯಂಕೋಬನಿಗೂ ನೆನಪಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಕಳ್ಳನೇ ಆಗಬೇಕೆಂದಿಲ್ಲ. ಕುಂಬಳಕಾಯಿಗೆ ಆಸೆಪಟ್ಟವನೂ ಹೆಗಲು ಮುಟ್ಟಿಕೊಳ್ಳುತ್ತಾನೆ.

ಹೊರಗೆ ಕಟ್ಟೆಯ ಮೇಲೆ ಬಾಲಪ್ಪನ ಹೆಂಡತಿ ಕನಕಮ್ಮ ರೊಟ್ಟಿಗಂಟು ಹಿಡಿದು ಕೂತಿದ್ದಳು. ಯಂಕೋಬನನ್ನು ಕಂಡು ಎದ್ದಳು.

"ಜಮಾದಾರ್ರ, ನಾ ಕಿರೀಟ ತಗೋ ಅಂದಿದ್ದೆ, ಜೀವಾ ತಗೋ ಅಂದಿರಲಿಲ್ಲ. ಕೋಳಿ ಕೊಯ್ಯಾಕೂ ನನ್ನನ್ನ ಕರೀತಾನ್ರಿ ಅವ! ಒಯ್ಯೂದಿದ್ರ ನನ್ನ ಒಯ್ಯಿರಿ. ಬಾಯಿ ನಂದು."

"ಬಾಯಿಗೆ ಕೋಳ ಹಾಕಾಕ ಬರಂಗಿಲ್ಲವ್ವ," ಎಂದ ಯಂಕೋಬ. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು. ತನಗೆ ರೊಟ್ಟಿಗಂಟು ಹಿಡಿದು ಕಾಯುವವರು ಯಾರಿದ್ದಾರೆ ಎಂಬುದೂ ಅದೇ ಗಳಿಗೆಯಲ್ಲಿ ಮನಸ್ಸಿಗೆ ಬಂತು. ಅದನ್ನು ಅಲ್ಲೇ ನುಂಗಿ ಗೋದಾಮಿನ ಕಡೆ ನಡೆದ.

ಆಟ ಕಲಿಸುವ ಇಮಾಮ್‌ಸಾಬ್ ಮಾಸ್ತರರು ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕ ಸುಮ್ಮನೆ ಕೂತಿದ್ದರು.

"ಹೊನ್ನೂರಪ್ಪಗ ವೈರಿಗಳು ಇದ್ರೇನು ಮಾಸ್ತರ?"

"ಯಾರೂ ಇಲ್ರೀ. ನಿನ್ನೆ ಸಂಜೀಕನ ಹೇಳಿದ — ಮಾಸ್ತರ, ವಯಸ್ಸಾತು, ಬರೋ ವರ್ಷ ಕಿರೀಟ ಬಾಲಪ್ಪಗ ಕೊಟ್ಟುಬಿಡ್ರಿ ಅಂತ."

ಯಂಕೋಬ ನಿಂತಲ್ಲೇ ನಿಂತ. "ಬಾಲಪ್ಪಗ ಗೊತ್ತೈತೇನು?"

"ಇಲ್ಲ. ಆಟ ಮುಗದ ಮ್ಯಾಲೆ ಹೇಳೂಣಂತ ಇದ್ವಿ. ಅವ ಹೇಳಿದಾಗ ಅಲ್ಲಿ ಇದ್ದವ್ರು ನಾವಿಬ್ಬರ."

"ಇಬ್ಬರೇ?"

"ಹೂಂ. ನಾನು, ಅವ. ಗ್ಯಾನಪ್ಪ ಇದ್ದ, ಆಟದ ಪುಸ್ತಕ ಹಿಡಕೊಂಡು."

ಗ್ಯಾನಪ್ಪ! ಪರದೆಯ ಮಗ್ಗುಲಲ್ಲಿ ನಿಂತು, ಮರೆತವರಿಗೆ ಮಾತು ಹೇಳಿಕೊಡುವವ. ಹಗಲು ಪೋಸ್ಟಾಫೀಸಿನ ಮುಂದೆ ಕೂತು ಮಂದಿಯ ಕಾಗದ ಬರೆದುಕೊಡುತ್ತಾನೆ. ಊರಿಗೆಲ್ಲ ಅವನ ಅಕ್ಷರ ಗೊತ್ತು, ಮುಖ ಕೇಳಿದರೆ ನೆನಪಾಗುವುದಿಲ್ಲ.

"ರಾತ್ರಿ ಆಟದ ನಡುವೆ ಹೊನ್ನೂರಪ್ಪನನ್ನ ಯಾರೂ ನೋಡಲಿಲ್ಲೇನು?"

"ಒಂದು ಗಂಟೆಗೆ ಅವ ಆಟದಾಗ ಸಾಯ್ತಾನ. ಆಮ್ಯಾಲೆ ಮಂಗಳಾರತಿತನಕ ಅವನಿಗೆ ಕೆಲಸ ಇಲ್ಲ. ಅಂಗಿ ತೆಗದು ಪರದಿ ಸಂದ್ಯಾಗ ಮಲಗತಾನ. ಬಣ್ಣಾ ಮಾತ್ರ ಅಳಿಸಂಗಿಲ್ಲ. ಸತ್ತ ರಾಜನ ನಿದ್ದಿ ಕೆಡಸಬ್ಯಾಡ್ರಿ ಅಂತ ಎಲ್ಲಾರೂ ಚಾಷ್ಟಿ ಮಾಡತಿದ್ವಿ."

ಹಾರ್ಮೋನಿಯಂ ಮೇಲೆ ಹಿತ್ತಾಳೆ ತಟ್ಟೆಯೊಂದಿತ್ತು. ಅದರ ತುಂಬ ಅರಿಷಿಣದ ದಾರದ ತುಂಡುಗಳು. ಯಂಕೋಬನ ಕಣ್ಣು ಅಲ್ಲೇ ನಿಂತಿತು.

"ಇವೇನು?"

"ಕಂಕಣ ರೀ. ತಾಲೀಮು ಶುರುವಾದ ದಿನ ಎಲ್ಲಾರಿಗೂ ಕಟ್ಟತೀನಿ. ಆಟ ಆಗೂತನಕ ಊರು ದಾಟಂಗಿಲ್ಲ. ಮಂಗಳಾರತಿಗೆ ಸಾಲಾಗಿ ನಿಂದರಸಿ ನಾನ ಕತ್ತರಿಸಬೇಕು. ತಾವ ಕತ್ತರಿಸಿಕೊಂಡ್ರ ದನಿ ಹೋಗತೈತಂತ ಎಲ್ಲಾರಿಗೂ ಅಂಜಿಕಿ."

"ರಾಜಂದೂ ಕತ್ತರಿಸಿದ್ರಿ?"

"ಮೊದಲು ಅವಂದ!"

"ಮುಖ ನೋಡಿದ್ರೇನು?"

"ಮುಖ ಯಾಕ ನೋಡಲಿ? ಕರೆಂಟು ಹೋಗಿತ್ತು, ಗ್ಯಾಸ್‌ಬತ್ತಿ ಬೆಳಕು. ರಾತ್ರಿಯೆಲ್ಲಾ ನಿದ್ದಿಲ್ಲ. ಕೈ ನೋಡಿದೆ, ಕತ್ತರಿಸಿದೆ, ಮುಂದ ಹೋದೆ."

ಯಂಕೋಬ ತಟ್ಟೆಯನ್ನು ಹತ್ತಿರ ಎಳೆದುಕೊಂಡ. "ಮಾಸ್ತರ, ನೆನಪು ಮಾಡಕೊಂಡು ಹೇಳ್ರಿ. ಯಾರದಾದ್ರೂ ಕತ್ತರಿಸೂದು ಉಳದೈತೇನು?"

ಇಮಾಮ್‌ಸಾಬ್ ಹಣೆ ತಟ್ಟಿಕೊಂಡರು. "ಅಯ್ಯ! ಗ್ಯಾನಪ್ಪಂದು. ಅವ ಪರದಿ ಮುಂದ ಬರಂಗಿಲ್ಲ ನೋಡ್ರಿ, ನಾನ ಕಡೀಕ ಒಳಗ ಹೋಗಿ ಕತ್ತರಿಸಬೇಕು. ಈ ಸಲ ಮರತ ಬಿಟ್ಟೆ. ಪ್ರತಿ ವರ್ಷ ಮರೀತೀನಿ. ಪ್ರತಿ ವರ್ಷ ಅವನ ಬಂದು ನೆನಪು ಮಾಡತಾನ."

"ಈ ಸಲ ಬಂದನೇನು?"

"ಇಲ್ಲ…"

ಹತ್ತೂವರೆಗೆ ಠಾಣೆಯಲ್ಲಿ ಎಲ್ಲರೂ ಸೇರಿದರು. ಬಾಲಪ್ಪನ ಕೈಗೆ ಆಗಲೇ ಕೋಳ ಬಿದ್ದಿತ್ತು. ಗ್ಯಾನಪ್ಪ ಬಾಗಿಲ ಮರೆಗೆ ನಿಂತಿದ್ದ. ತುಂಬುತೋಳಿನ ಅಂಗಿ, ಕ್ಷೌರ ಕಾಣದ ಗಲ್ಲ, ನಲವತ್ತೈದರ ಸಣಕಲು ಮನುಷ್ಯ.

"ಮುಂದ ಬಾ ಗ್ಯಾನಪ್ಪ," ಎಂದ ಯಂಕೋಬ. "ಕಡೀ ಅಂಕದಾಗ ಎಲ್ಲಿದ್ದಿ?"

"ಪರದಿ ಮಗ್ಗಲ ರೀ. ಮತ್ತೆಲ್ಲಿ ಇರಲಿ?"

"ಬಾಲಪ್ಪ ಮಾತು ಮರತು ನಿಂತಾಗ ಯಾಕ ಹೇಳಿಕೊಡಲಿಲ್ಲ?"

ಗ್ಯಾನಪ್ಪ ಬಲಗೈಯ ತೋಳನ್ನು ಬೆರಳತನಕ ಎಳೆದುಕೊಂಡ.

"ಬಲಗೈ ತೋಳು ಏರಿಸು."

ಏರಿಸಿದ. ಮುಂಗೈ ಬರಿದಾಗಿತ್ತು. ಮೂರು ತಿಂಗಳು ದಾರ ಇದ್ದ ಜಾಗದಲ್ಲಿ ಹಳದಿ ಗೆರೆಯೊಂದು ಮಾತ್ರ ಉಳಿದಿತ್ತು.

"ನಿನ್ನ ಕಂಕಣ ಯಾರು ಕತ್ತರಿಸಿದ್ರು?"

"ಮಾಸ್ತರು."

"ಯಾವಾಗೋ?" ಇಮಾಮ್‌ಸಾಬ್ ಎದ್ದೇ ಬಿಟ್ಟರು. "ನಾ ನಿನ್ನ ಹತ್ತರ ಬರಲಿಲ್ಲಲ್ಲೋ!"

ಯಂಕೋಬ ಫೌಜದಾರರ ಕಡೆ ತಿರುಗಿದ. "ಸಾಹೇಬ್ರ, ಹೆಣದ ಕೈಯಾಗ ಕಂಕಣ ಹಂಗ ಐತಿ. ಬೆಳಿಗ್ಗೆ ನಾನೂ ನೋಡಿದೆ, ಹರಕಿ ದಾರ ಅಂದುಕೊಂಡು ಬಿಟ್ಟೆ. ಅದು ನನ್ನ ತಪ್ಪು. ಮಂಗಳಾರತಿಗೆ ನಿಂತವ ಹೊನ್ನೂರಪ್ಪ ಆಗಿದ್ರ ಅದು ಮಾಸ್ತರ ತಟ್ಟ್ಯಾಗ ಇರಬೇಕಿತ್ತು. ಅವನ ಕೈ ಸೆಟದು ಕಟ್ಟಿಗಿ ಆಗಿತ್ತು. ತಾಸಿನ ಹಿಂದ ಸತ್ತವಂದು ಹಂಗ ಆಗತೈತೇನ್ರಿ? ಅವ ರಾತ್ರಿನ ಸತ್ತಾನ. ಅವನ ಅಂಗಿ, ಗಡ್ಡ, ಕಿರೀಟ ಹಾಕ್ಕೊಂಡು ನಿಂತವ ಬ್ಯಾರೇ. ಕಡೀ ಅಂಕದಾಗ ಪರದಿ ಮಗ್ಗಲ ಬಿಟ್ಟು ಆ ವೇಷ ಹಾಕಾಕ ಹೋದವನ ಅವ. ಬರಿದಾಗಬೇಕಾದ ಕೈಯಾಗ ದಾರ ಐತಿ, ದಾರ ಇರಬೇಕಾದ ಕೈ ಬರಿದಾಗೈತಿ. ಬಾಲಪ್ಪ ಅಲ್ಲ. ಗ್ಯಾನಪ್ಪ."

"ಇಷ್ಟು ಮಂದ್ಯಾಗ ಇವ ಇಲ್ಲಂತ ಯಾರಿಗೂ ತಿಳೀಲಿಲ್ಲೇನ್ರಿ?" ಎಂದರು ಫೌಜದಾರರು.

"ಇದ್ದಾಗೂ ತಿಳದಿರಲಿಲ್ರೀ," ಎಂದ ಯಂಕೋಬ.

ಗ್ಯಾನಪ್ಪ ಓಡಲಿಲ್ಲ, ಅಳಲೂ ಇಲ್ಲ. ಮಾಸ್ತರರ ಮುಖ ನೋಡಿ ಮೆಲ್ಲಗೆ ಹೇಳಿದ. "ನೀವು ಕತ್ತರಿಸೀರಿ ಮಾಸ್ತರ. ಎಲ್ಲಾರ ಮುಂದ. ಎಲ್ಲಾರಗಿಂತ ಮೊದಲು ನಂದ ಕತ್ತರಿಸಿದ್ರಿ."

ಮುದುಕರು ಕುರ್ಚಿ ಹಿಡಿದುಕೊಂಡು ಕೂತರು.

"ಬರೋ ವರ್ಷ ಕಿರೀಟ ನಿನಗ, ಬರೋ ವರ್ಷ ನಿನಗ ಅಂತ ಹೊನ್ನೂರಪ್ಪ ಹನ್ನೆರಡು ವರ್ಷ ಅಂದ. ನಿನ್ನೆ ಮತ್ತೊಬ್ಬಗ ಕೊಡ್ರಿ ಅಂದುಬಿಟ್ಟ. ಅವ ಮಲಗಿದಲ್ಲಿ ಹೋಗಿ ಕೇಳಿದೆ. ಎದ್ದು ನಿಂತು ನಕ್ಕ. ನೀ ಮುಂದ ಬಂದ್ರ ಹಿಂದ ಯಾರೋ, ಅಂದ. ನೂಕಿದೆ. ಟ್ರಂಕಿನ ಮ್ಯಾಲೆ ಬಿದ್ದ."

"ಬಿದ್ದ ಕೂಡಲೇ ಹೋದನೇನು?" ಯಂಕೋಬ ಕೇಳಿದ.

ಈ ಪ್ರಶ್ನೆಗೆ ಮಾತ್ರ ಗ್ಯಾನಪ್ಪ ತಡವರಿಸಿದ. "ಇಲ್ಲ. ನೀರು ಅಂದ. ಮೂರನೇ ಅಂಕದ ಗಂಟಿ ಹೊಡೀತು, ನಾ ಪರದಿ ಮಗ್ಗಲಕ್ಕ ಹೋದೆ. ಎಲ್ಲಾರಿಗೂ ಮಾತು ಕೊಟ್ಟೆ. ಹಿಂದ ಅವ ನರಳೂದು ಹಾರ್ಮೋನಿಯಂ ಸಪ್ಪಳದಾಗ ಯಾರಿಗೂ ಕೇಳಲಿಲ್ಲ. ನನಗ ಕೇಳತಿತ್ತು. ಆಮ್ಯಾಲೆ ನಿಂತುಹೋತು."

ಅಂದರೆ ನೂಕಿದ್ದು ಒಂದು ಗಳಿಗೆಯ ಸಿಟ್ಟು. ಕೊಂದದ್ದು ಮಾತ್ರ ಆಮೇಲಿನ ತಾಸಿನಲ್ಲಿ, ನಿಧಾನವಾಗಿ, ತಿಳಿದೂ ತಿಳಿದೂ. ಯಂಕೋಬ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಹದಿನೇಳು ಮಾರು ದೂರದಲ್ಲಿ ತಾನೂ ನಿಂತು ಆಟ ನೋಡುತ್ತಿದ್ದೆನಲ್ಲ!

ಕೋಳ ಬಿಚ್ಚಿದ ಮೇಲೂ ಬಾಲಪ್ಪ ಕೈ ಚಾಚಿಕೊಂಡೇ ನಿಂತಿದ್ದ. "ನನ್ನ ಹರಕಿ ರೀ?" ಎಂದ.

"ಅದಕ್ಕ ನನ್ನ ಹತ್ತರ ಕಲಂ ಇಲ್ಲಪ್ಪ. ನೀನ ಹೊತ್ಕೋಬೇಕು. ಮನಿಗೆ ಹೋಗು, ರೊಟ್ಟಿ ಆರತೈತಿ."

ಕನಕಮ್ಮ ಗಂಡನ ತೋಳು ಹಿಡಿದು ಮೆಟ್ಟಿಲಿಳಿಸಿದಳು. ಬರುವ ವರ್ಷದ ಕಿರೀಟ ಅವನಿಗೇ ಇತ್ತೆಂದು ಹೇಳುವ ಧೈರ್ಯ ಯಂಕೋಬನಿಗಾಗಲಿಲ್ಲ. ಹೊನ್ನೂರಪ್ಪನ ಬಾಯಿಂದಲೇ ಅದನ್ನು ಕೇಳಿದ್ದ ಮಾಸ್ತರರೂ ತಲೆ ತಗ್ಗಿಸಿದ್ದರು.

ಹನ್ನೊಂದರ ಬಸ್ಸು ಬಂತು. ಕಿಟಕಿಯ ಪಕ್ಕ ಗ್ಯಾನಪ್ಪ, ಅವನ ಪಕ್ಕ ಯಂಕೋಬ. ಊರು ಹಿಂದಾಯಿತು, ಬಿಸಿಲಿಗೆ ಕಾದ ಬೆಟ್ಟದ ಬಂಡೆಗಳೂ ಹಿಂದಾದವು. ನಿಲ್ದಾಣದಲ್ಲಿ ಒಬ್ಬರೂ ಗ್ಯಾನಪ್ಪನನ್ನು ತಿರುಗಿ ನೋಡಿರಲಿಲ್ಲ. ಕೊಲೆಗಾರನನ್ನು ನೋಡಲು ಬಂದ ಮಂದಿ, ಯಂಕೋಬನ ಬೆನ್ನ ಹಿಂದೆ ಇಣುಕಿ ಇಣುಕಿ ಬಾಲಪ್ಪನನ್ನೇ ಹುಡುಕುತ್ತಿದ್ದರು.

ಲಿಂಗಸುಗೂರು ಹತ್ತಿರ ಬಂದಾಗ ಯಂಕೋಬನಿಗೆ ತಡೆಯಲಾಗಲಿಲ್ಲ.

"ಊರಮಂದಿಗೆಲ್ಲಾ ಮಾತು ಹೇಳಿಕೊಟ್ಟವ ನೀನು. ಯಾರಾದ್ರೂ ಬರ್ರೋ ಅಂತ ಒಂದು ಕೂಗು ಹಾಕಿದ್ರ ಅವ ಉಳೀತಿದ್ದ. ಯಾಕ ಕೂಗಲಿಲ್ಲೋ?"

ಗ್ಯಾನಪ್ಪ ಕೋಳದ ಕೈಯಿಂದ ಮುಂಗೈಯ ಹಳದಿ ಗೆರೆ ತಿಕ್ಕುತ್ತ ಕೂತಿದ್ದ.

"ಕೂಗಾಕ ಬಾಯಿ ತಗದಿದ್ದೆ ರೀ," ಎಂದ. "ಏನನ್ನಬೇಕಂತ ಹೊಳೀಲಿಲ್ಲ. ನನಗ ಹೇಳಿಕೊಡವ್ರು ಹಿಂದ ಯಾರೂ ಇರಲಿಲ್ಲ."