ಮೂರರ ಜಾಗದಲ್ಲಿ ಎಂಟು

ಬುಧವಾರ ಬೆಳಿಗ್ಗೆ 10.20ಕ್ಕೆ ಅಣು ವಿದ್ಯುತ್ ಸ್ಥಾವರದ ಗುಣಮಟ್ಟ ಅಧಿಕಾರಿ ಠಾಣೆಗೆ ಬಂದು ದೂರು ಕೊಟ್ಟರು. ನೀರು ಹರಿಯುವ ಕೊಳವೆ ಸಾಲಿಗೆ ಬಂದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಗಳಲ್ಲಿ ಕೆಲವದರ ಮೇಲೆ ಯಾವ ಸ್ಟೀಲೆಂದು ತಿಳಿಸುವ ಸಂಖ್ಯೆಯೇ ಸುಳ್ಳಾಗಿದೆ. ಬೆಸುಗೆಗೆ ಒಗ್ಗುವ ಸ್ಟೀಲಿನ ಜೊತೆ ಸಾಧಾರಣದ್ದೂ ಸೇರಿಕೊಂಡಿದೆ. 11 ಗಂಟೆಗೆ ಎಫ್‌ಐಆರ್ ದಾಖಲಾಯಿತು.

"ಸ್ಟೀಲಿಗೆ ತುಕ್ಕೇ ಹಿಡಿಯಲ್ವಲ್ಲ ಮೇಡಂ, ಇವರದ್ದೇನು ಗೋಳು?" ಎಂದ ಹೆಡ್ ಕಾನ್‌ಸ್ಟೆಬಲ್.

"ಸಾಧಾರಣದ್ದು ಬೆಸುಗೆ ಪಕ್ಕದಲ್ಲಿ ಬಿರುಕು ಬಿಡುತ್ತಂತೆ," ಎಂದರು ಇನ್‌ಸ್ಪೆಕ್ಟರ್. ಅವರಿಗೂ ಅದು ಗೊತ್ತಾಗಿ ಅರ್ಧ ಗಂಟೆಯಾಗಿತ್ತಷ್ಟೇ.

ಸ್ಥಾವರಕ್ಕೆ ಕೊಳವೆ ಕತ್ತರಿಸಿ ಕಳಿಸುವ ಕಾರ್ಖಾನೆಯಲ್ಲಿ ಒಂದು ನಿಯಮ. ಕತ್ತರಿಸುವ ಮೊದಲು ಕೊಳವೆಯ ತುದಿಯಲ್ಲಿರುವ ಸಂಖ್ಯೆಯನ್ನು ತುಂಡಾಗಲಿರುವ ಪ್ರತಿ ಭಾಗದ ಮೇಲೂ ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆಯಬೇಕು. ಮೂವತ್ತೊಂದು ವರ್ಷದಿಂದ ಹೊಡೆಯುತ್ತಿದ್ದವರು ಒಬ್ಬರೇ, ಎಲ್ಲರ ಬಾಯಲ್ಲಿ ನಂಬರ್ ಮಾವ.

2.15ಕ್ಕೆ ಪಂಚನಾಮೆ ಶುರುವಾಯಿತು. ಕಾರ್ಖಾನೆಯಲ್ಲಿ ಉಳಿದಿದ್ದ ಹನ್ನೊಂದು ತುಂಡುಗಳಲ್ಲಿ ನಾಲ್ಕರ ಮೇಲೆ 4317ರ ಬದಲು 4817 ಇತ್ತು. 4317 ಸಾಧಾರಣ ಸ್ಟೀಲಿನದು, 4817 ಬೆಸುಗೆಗೆ ಒಗ್ಗುವುದರದು. ಬೇರೆ ಒಂದಂಕಿಯೂ ತಪ್ಪಿರಲಿಲ್ಲ. ಮೋಸ ಮಾಡುವವನು ನಾಲ್ಕಕ್ಕೇ ನಿಲ್ಲಿಸುವಷ್ಟು ಜಿಪುಣನಾಗಿರುವುದಿಲ್ಲ ಎನಿಸಿತು ಇನ್‌ಸ್ಪೆಕ್ಟರಿಗೆ. ಮೂಲ ಕೊಳವೆಯ ತುದಿಯನ್ನು ನಂಬರ್ ಮಾವನ ಮುಂದಿಟ್ಟರು.

"ಓದಿ."

ಅವರು ನೋಡಲಿಲ್ಲ, ಹೆಬ್ಬೆರಳು ಆಡಿಸಿದರು. "ನಾಕು, ಎಂಟು, ಒಂದು, ಏಳು."

ಅಲ್ಲಿದ್ದದ್ದು 4317.

"ಎಷ್ಟು ದಿನದಿಂದ ಕಾಣ್ತಿಲ್ಲ?"

"ಎರಡು ವರ್ಷ ಆಯ್ತಮ್ಮ. ಡಾಕ್ಟ್ರು ಕೈ ಚೆಲ್ಲಿದ್ರು."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅಚ್ಚು ಕಿತ್ಕೊಂಡು ಮೂಲೇಲಿ ಕೂರಿಸೋರು. ಇದು ಬಿಟ್ರೆ ನಂಗೆ ಇನ್ನೇನು ಬರುತ್ತೆ?"

"ಸ್ಥಾವರಕ್ಕೆ ಹೋಗಿರೋ ಮುನ್ನೂರರಲ್ಲಿ ಯಾವ್ಯಾವು ತಪ್ಪು?"

"ಕಂಡಿದ್ರೆ ತಾನೇ ಹೇಳೋದು!"

ಆ ಮುನ್ನೂರೂ ಗೋಡೆಗಳ ಒಳಗಿದ್ದವು, ಸ್ಥಾವರ ಓಡುತ್ತಿತ್ತು. ನಿಲ್ಲಿಸುವುದು ತನ್ನ ಕೈಲಿಲ್ಲ, ಮೇಲಿನವರು ಕಿವಿಗೇ ಹಾಕಿಕೊಳ್ಳುತ್ತಿಲ್ಲ ಎಂದರು ಫೋನಿನಲ್ಲಿ ಗುಣಮಟ್ಟ ಅಧಿಕಾರಿ. ಸ್ಥಾವರ ನಿಲ್ಲಿಸಲು ಇನ್‌ಸ್ಪೆಕ್ಟರ್ ಬಳಿಯೂ ಕಾನೂನಿನ ಯಾವ ಕಲಮೂ ಇರಲಿಲ್ಲ.

5.40ಕ್ಕೆ ನಂಬರ್ ಮಾವನ ಬಂಧನ. ಕೇಸ್ ಡೈರಿಯಲ್ಲಿ ಕಾರಣದ ಎದುರು ಇನ್‌ಸ್ಪೆಕ್ಟರ್ ಬರೆದರು: ಕೆಲಸ ಕಳೆದುಕೊಳ್ಳುವ ಭಯ.

"ಅಮ್ಮಾ," ಎಂದರು ನಂಬರ್ ಮಾವ, "ನನ್ನ ಮಗಳಿಗೆ ಸ್ಥಾವರದಲ್ಲಿ ಆ ಕೊಳವೆ ಸಾಲಿನ ಪಕ್ಕದಲ್ಲೇ ಡ್ಯೂಟಿ. ಆರು ಗಂಟೆ ಪಾಳಿ. ಒಂದು ಫೋನ್ ಮಾಡ್ಲಾ?"

ಇನ್‌ಸ್ಪೆಕ್ಟರ್ ತಾವೇ ನಂಬರ್ ಒತ್ತಿ, ಸ್ಪೀಕರ್ ಹಾಕಿ ಕೊಟ್ಟರು.

"ಮಗಳೇ, ಇವತ್ತು ಒಳಗೆ ಹೋಗಬೇಡ. ಆ ಕೊಳವೆ..."

ಮಗಳು ನಕ್ಕಳು. "ಏನಪ್ಪಾ ನೀನು! ಅದರ ಮೇಲೆಲ್ಲ ನೀನು ಹೊಡೆದ ನಂಬರೇ ಇದೆ. ನಂಗ್ಯಾಕೆ ಭಯ? ಗೇಟಲ್ಲಿದ್ದೀನಿ, ಫೋನ್ ಒಳಗೆ ಬಿಡಲ್ಲ, ಇಡ್ತೀನಿ."

ಮತ್ತೆ ಮಾಡಿದಾಗ ಫೋನ್ ಆಫ್ ಆಗಿತ್ತು.