ನೆಲದಡಿಯ ಬೆಚ್ಚನೆ ಜಾಗ

ಟಪ್.

ಡೆಲ್ಫೀನ್ ಕಣ್ಣು ಬಿಟ್ಟಳು. ಮತ್ತೆ ಟಪ್. ಸದ್ದು ಮಂಚದ ಕೆಳಗಿನಿಂದಲ್ಲ, ಅದಕ್ಕೂ ಕೆಳಗೆ, ನೆಲದ ಹಲಗೆಗಳ ಅಡಿಯಿಂದ ಬರುತ್ತಿತ್ತು. ಅಲ್ಲಿ ಮನೆಗೂ ಮಣ್ಣಿಗೂ ನಡುವೆ ತೆವಳಿಕೊಂಡು ಹೋಗುವಷ್ಟೇ ಜಾಗ. ನೀರು ತೊಟ್ಟಿಕ್ಕುತ್ತಿತ್ತು.

ಅವಳಿಗೆ ಥಟ್ಟನೆ ಪೈಪು ನೆನಪಾಯಿತು.

ಜನವರಿಯಲ್ಲಿ ಒಂದು ಬೀದಿ ಬೆಕ್ಕು ಅಲ್ಲಿ ಮರಿ ಹಾಕಿತ್ತು. ಬಕೆಟ್ಟಿನ ನೀರು ಹೆಪ್ಪುಗಟ್ಟುವ ಚಳಿ. ಬಟ್ಟೆ ಒಣಗಿಸುವ ಡ್ರೈಯರ್‌ನ ತೇವ ತುಂಬಿದ ಬಿಸಿಗಾಳಿ ಒಂದು ಪೈಪಿನಲ್ಲಿ ನೆಲದಡಿಯಿಂದ ಹೊರಗೆ ಹೋಗುತ್ತಿತ್ತು. ಡೆಲ್ಫೀನ್ ಒಳಗೆ ತೆವಳಿ, ಪೈಪನ್ನು ಗೋಡೆಯಿಂದ ಕಿತ್ತು ಮರಿಗಳ ಕಡೆ ತಿರುಗಿಸಿದ್ದಳು. ಚಳಿ ಕಳೆಯಿತು, ಮರಿಗಳು ಬೆಳೆದು ಹೋದವು. ಪೈಪಿನ ಮಾತು ಮರೆತೇಹೋಯಿತು.

ಈಗ ಜೂನ್. ಕ್ಯಾರೊಲಿನಾದ ಜೂನ್ ಎಂದರೆ ಗಾಳಿಯೇ ಒದ್ದೆ. ಅದರ ಜೊತೆಗೆ ಐದು ತಿಂಗಳಿಂದ ಡ್ರೈಯರ್‌ನ ಹಬೆಯೆಲ್ಲಾ ಹೊರಗೆ ಹೋಗದೆ ನೆಲದಡಿಯಲ್ಲೇ ನಿಂತಿತ್ತು. ಅಡುಗೆಮನೆಯ ನೆಲ ಕಾಲಿಟ್ಟರೆ ನೆನೆದ ಬ್ರೆಡ್ಡಿನಂತೆ ಕುಸಿಯುತ್ತಿತ್ತು.

ಬೆಳಿಗ್ಗೆ, ನೆಲ ರಿಪೇರಿಗೆಂದು ಅಜ್ಜಿ ಕರೆಸಿದ್ದ ಮೊದಲ ಕಂಟ್ರಾಕ್ಟರ್ ಬಂದ. ಹೆಸರು ಮಿಸ್ಟರ್ ಹಾರ್ಲನ್. ಒಳಗೆ ಹೋಗದೆ, ನೆಲದಡಿಯ ಪುಟ್ಟ ಬಾಗಿಲಿನಿಂದಲೇ ಟಾರ್ಚ್ ಬಿಟ್ಟು ನೋಡಿದ. ಆಮೇಲೆ ಅಜ್ಜಿಗೆ ಟ್ಯಾಬ್ಲೆಟ್‌ನಲ್ಲಿ ಬೂಸ್ಟು ಹಿಡಿದ ತೊಲೆಗಳ ಫೋಟೋ ತೋರಿಸಿದ.

"ಇಡೀ ನೆಲದಡಿ ಸೀಲ್ ಮಾಡ್ಬೇಕು ಮ್ಯಾಮ್. ತೊಲೆ ಎಲ್ಲಾ ಬದಲಾಯಿಸ್ಬೇಕು. ಇವತ್ತೇ ಸೈನ್ ಮಾಡಿದ್ರೆ ರೇಟು ಕಡಿಮೆ."

"ಇದು ನಮ್ಮನೆ ಫೋಟೋನಾ?" ಅಜ್ಜಿ ಕೇಳಿದರು.

"ಇಂಥದ್ದೇ ಮನೆದು ಮ್ಯಾಮ್."

"ಪಕ್ಕದ್ಮನೆಯವಳಿಗೆ ಹಲ್ಲುನೋವು ಅಂತ ನನ್ನ ಹಲ್ಲು ಕೀಳ್ತೀಯೇನಪ್ಪಾ?"

ಅವನು ಹೋದ ಮೇಲೆ ಅಜ್ಜಿಯ ನಗು ಇಳಿದುಹೋಯಿತು. "ಪ್ಯಾಂಟಿನ ಇಸ್ತ್ರಿ ಗೆರೆ ಕೂಡ ಮುರೀಲಿಲ್ಲ, ನೋಡಿದ್ಯಾ? ಆದ್ರೂ ಅವನು ಹೇಳಿದ್ದೇ ನಿಜವಾದ್ರೆ ಏನ್ಮಾಡೋದು ಬಂಗಾರ? ಈ ಸಲ ರಿಯೂನಿಯನ್ ಇಲ್ಲ ಅಂತ ಎಲ್ರಿಗೂ ಹೇಳ್ಬೇಕಾಗುತ್ತೆ."

ಪ್ರತಿ ಜುಲೈನಲ್ಲಿ ಬಂಧುಬಳಗವೆಲ್ಲಾ ಒಂದೆಡೆ ಸೇರುತ್ತಿತ್ತು. ಈ ವರ್ಷ ಅಜ್ಜಿಯ ಸರದಿ. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್ ಆರ್ಡರ್ ಮಾಡಿಯಾಗಿತ್ತು. ಡೆಟ್ರಾಯಿಟ್‌ನಿಂದ ಚಿಕ್ಕಪ್ಪನ ಮಗಳು ನೆಟ್ಟಿ ಬರುವವಳಿದ್ದಳು. ಪೈಪಿನ ವಿಷಯ ಅಜ್ಜಿಗೆ ಹೇಳಿಬಿಡಬೇಕು ಎಂದುಕೊಂಡಳು ಡೆಲ್ಫೀನ್. ಆದರೆ ಪೊರಕೆ ಎತ್ತಿಕೊಂಡು ಅಂಗಳ ಗುಡಿಸಲು ಹೋದಳು.

ಮಧ್ಯಾಹ್ನ ಪಕ್ಕದ ಮನೆಯ ಮಿಸ್ ಓಪಲ್ ಹೇಳಿ ಕಳಿಸಿದ ಇನ್ನೊಬ್ಬ ಕಂಟ್ರಾಕ್ಟರ್ ಬಂದರು, ಮಿಸ್ ಅರ್ಲೀನ್. ತಲೆಯಿಂದ ಕಾಲಿನವರೆಗೆ ಬಿಳಿ ಸೂಟು ಏರಿಸಿಕೊಂಡು ಪುಟ್ಟ ಬಾಗಿಲ ಮುಂದೆ ಬೋರಲು ಬಿದ್ದರು.

"ಒಳಗೆ ಹಾವು ಇದೆಯೇನಮ್ಮ?"

"ಗೊತ್ತಿಲ್ಲ ಮ್ಯಾಮ್."

"ಇದ್ರೆ ನಾನು ರಾಕೆಟ್ ಥರ ಬರ್ತೀನಿ. ದಾರಿ ಬಿಡು."

ಅವರ ಬೂಟುಗಳು ಕತ್ತಲೆಯಲ್ಲಿ ಮರೆಯಾದವು. ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ದೂರದಿಂದ ದನಿ ಕೇಳಿತು. "ಇಲ್ಲೊಂದು ಹಾಲಿನ ಬಟ್ಟಲಿದೆಯಲ್ಲೇ! ಯಾರಾದ್ರೂ ಬಾಡಿಗೆಗಿದ್ರಾ?"

ಡೆಲ್ಫೀನ್ ಮಣ್ಣಲ್ಲೇ ಮಲಗಿ ಬಾಗಿಲೊಳಗೆ ಮುಖ ಇಟ್ಟಳು. ಕತ್ತಲೆಗೆ ಹೇಳುವುದು ಸುಲಭ ಅನ್ನಿಸಿತು. "ಬೆಕ್ಕಿನ ಮರಿ ಇದ್ವು. ಪೈಪ್ ಕಿತ್ತಿದ್ದು ನಾನೇ. ತುಂಬಾ ಚಳಿ ಇತ್ತು."

ಒಳಗೆ ಟಾರ್ಚಿನ ಬೆಳಕು ಬಟ್ಟಲಿನತ್ತ ತಿರುಗಿತು. ಆಮೇಲೆ, "ಎಲ್ಲಾ ಬದುಕಿದ್ವಾ?"

"ಹೌದು ಮ್ಯಾಮ್. ಒಂದು ಮಿಸ್ ಓಪಲ್ ಮನೇಲಿದೆ."

"ಸರಿ. ಅಜ್ಜಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

"ನಾನೇ."

ಧೈರ್ಯ ಜಾರಿಹೋಗುವ ಮೊದಲೇ ಅವಳು ಒಳಗೋಡಿದಳು. ಅವರೆಕಾಳು ಬಿಡಿಸುತ್ತಿದ್ದ ಅಜ್ಜಿಯ ಮುಂದೆ ಒಂದೇ ಉಸಿರಿಗೆ ಎಲ್ಲಾ ಹೇಳಿದಳು.

"ಒಬ್ಳೇ ಅಲ್ಲಿಗೆ ತೆವಳಿದ್ಯಾ? ಹಾವು ಕಚ್ಚಿದ್ರೆ? ಮೊಳೆ ಚುಚ್ಚಿದ್ರೆ?" ಅಜ್ಜಿ ಚೆನ್ನಾಗಿಯೇ ಬೈದರು. "ಈ ವಾರವೆಲ್ಲಾ ಕಾಳು ಬಿಡಿಸೋ ಕೆಲಸ ನಿಂದೇ." ಬೆಕ್ಕಿನ ಬಗ್ಗೆ ಮಾತ್ರ ಒಂದು ಮಾತೂ ಕೇಳಲಿಲ್ಲ.

ಅಷ್ಟರಲ್ಲಿ ಮಿಸ್ ಅರ್ಲೀನ್ ಹುಬ್ಬಿನ ಮೇಲೆ ಜೇಡರ ಬಲೆ ಹೊತ್ತು ಬಂದರು. ಅವರ ಫೋನಿನ ಫೋಟೋಗಳಲ್ಲಿ ಡೆಲ್ಫೀನ್‌ಳ ಬಟ್ಟಲು ಸ್ಪಷ್ಟವಾಗಿ ಕಾಣುತ್ತಿತ್ತು.

"ಎರಡು ತೊಲೆ ಹಾಳಾಗಿವೆ. ಅವನ್ನ ಬದಲಾಯಿಸಿ, ಪೈಪು ಜೋಡಿಸಿ, ತೇವ ಏರದಂತೆ ಮಣ್ಣಿನ ಮೇಲೆ ಹಾಸಿರೋ ಪ್ಲಾಸ್ಟಿಕ್ ಹರಿದಿರೋ ಕಡೆ ಸೀಲ್ ಮಾಡ್ತೀನಿ. ಮಿಕ್ಕಿದ್ದೆಲ್ಲಾ ಗಟ್ಟಿಯಾಗಿದೆ."

"ರಿಯೂನಿಯನ್‌ಗೆ ಮುಂಚೆ ಆಗುತ್ತಾ?" ಅಜ್ಜಿ ಕೇಳಿದರು.

"ಆಗುತ್ತೆ. ನನಗೂ ಒಂದು ಪ್ಲೇಟ್ ಎತ್ತಿಡಿ."

"ದೇವರು ನಿನ್ನ ಚೆನ್ನಾಗಿಟ್ಟಿರ್ಲಿ. ಎರಡು ಪ್ಲೇಟ್ ಎತ್ತಿಡ್ತೀನಿ. ಕೆಲಸ ನಿಂದೇ." ಅಜ್ಜಿ ಕಣ್ಣೊರೆಸಿಕೊಂಡರು.

"ಒಂದೇ ಅರ್ಥ ಆಗ್ಲಿಲ್ಲ," ಎಂದರು ಮಿಸ್ ಅರ್ಲೀನ್. "ಪೈಪಿನ ಬಾಯಲ್ಲಿ ಟವೆಲಿನ ನೀಲಿ ನೂಲು ಹತ್ತಿ ಥರ ರಾಶಿ ಬಿದ್ದಿದೆ. ಇಬ್ರೇ ಇರೋ ಮನೇಲಿ ಇಷ್ಟೊಂದು ಟವೆಲ್ ಒಗೆದಿದ್ದು ಯಾಕೆ?"

"ಚಳಿಗಾಲ ನೋಡು..." ಅಜ್ಜಿ ತಡವರಿಸಿದರು. "ಒಗೀತಾನೇ ಇರ್ಬೇಕಾಗುತ್ತೆ." ಕಾಳಿನ ಮೇಲಿನ ಕಣ್ಣು ಮೇಲೆತ್ತಲಿಲ್ಲ.

ಮನೆಯಲ್ಲಿದ್ದ ನೀಲಿ ಟವೆಲ್ಲುಗಳು ನಾಲ್ಕೇ. ಡೆಲ್ಫೀನ್ ಅಜ್ಜಿಯ ಮುಖವನ್ನೇ ನೋಡಿದಳು. ಅಡುಗೆಮನೆಯ ಹಲಗೆಗಳ ಸಂದಿನಿಂದ ಮರಿಗಳ ಮಿಯಾಂವ್ ಅಜ್ಜಿಗೂ ಕೇಳಿರಬೇಕು. ಅದಕ್ಕೇ, ಮರಿಗಳಿಗೆ ಬಿಸಿಗಾಳಿ ಸಿಗಲೆಂದು, ಒಣಗಿದ ಟವೆಲ್ಲುಗಳನ್ನೇ ಮತ್ತೆ ಮತ್ತೆ ಒದ್ದೆ ಮಾಡಿ ಡ್ರೈಯರ್‌ಗೆ ಹಾಕುತ್ತಿದ್ದರು! ಬೆಕ್ಕು ಕಂಡರಾಗದು ಎಂದು ಊರಿಗೆಲ್ಲಾ ಹೇಳಿಕೊಂಡು ತಿರುಗುವ ಅಜ್ಜಿ!

ಅವಳು ಹೋಗಿ ಅಜ್ಜಿಗೆ ಒತ್ತಿಕೊಂಡು ಕೂತು, ಕಾಳು ಬಿಡಿಸತೊಡಗಿದಳು.

ಸಂಜೆ ನೆಟ್ಟಿಯ ಫೋನ್ ಬಂತು. "ನಿಮ್ಮನೆ ನೆಲ ಹೇಗೆ ಹಾಳಾಯ್ತೇ?"

"ನಾನು ಪೈಪ್ ಕಿತ್ತಿದ್ದೆ," ಎಂದಳು ಡೆಲ್ಫೀನ್.

"ಅಷ್ಟಕ್ಕೇನಾ?"

ಅಡುಗೆಮನೆಯಲ್ಲಿ ಅಜ್ಜಿ ಗುನುಗುತ್ತಾ ಕಾಳು ತೊಳೆಯುತ್ತಿದ್ದರು.

"ಅಷ್ಟಕ್ಕೇ," ಎಂದಳು ಡೆಲ್ಫೀನ್. ಉಳಿದದ್ದನ್ನು ಅವಳು ನೆಟ್ಟಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ.